ದೂರದ ಮನೆಯ ಬಾಡಿಗೆ, ಹತ್ತಿರದ ಹಕ್ಕುದಾರರು

ಬಾಡಿಗೆಯ ಆದಾಯವು ಇಸ್ಲಾಮಿನಲ್ಲಿ ಧರ್ಮಸಮ್ಮತವಾದುದು. ಈ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿಲ್ಲ. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ನಮ್ಮ ಕುಟುಂಬಗಳು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಮನೆ, ಮಳಿಗೆಗಳ ಕಡೆ ನೋಡುವುದು ಇದೇ ಕಾರಣಕ್ಕೆ. ನಮ್ಮ ಅರಸೀಕೆರೆಯಲ್ಲಿಯೂ ಹೀಗೆಯೇ. ಮಗ ಗಲ್ಫ್‌ಗೆ ಹೋದರೆ ಮೊದಲು ತಂಗಿಯ ನಿಕಾಹ್, ಬಳಿಕ ಸ್ವಂತ ಮನೆ, ಆ ಬಳಿಕ ಮನೆಯ ಮುಂದೆ ಎರಡು ಮಳಿಗೆ, ಮಹಡಿಯ ಮೇಲೆ ರೈಲ್ವೆ ನೌಕರರಿಗೆ ಕೊಡಲು ಎರಡು ಕೋಣೆ. ಇತ್ತೀಚೆಗೆ ಈ ಆಸೆಯು ಸಮುದ್ರ ದಾಟಿದೆ. ಅಮೆರಿಕದಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಡುವ ಮಾತು ಗಲ್ಫ್‌ನ ನಮ್ಮ ಯುವಕರ ಕೋಣೆಗಳಲ್ಲಿ ನಡೆಯುತ್ತಿದೆ. ಆ ಮಾತು ಕಳೆದ ವರ್ಷ ನಮ್ಮ ಮನೆಗೂ ಬಂದಿತು.

ನನ್ನ ಆಪಾ, ಅಂದರೆ ಹಿರಿಯ ಸಹೋದರಿ, ವಿಧವೆ. ಆಕೆಯ ಮಗ ಹನ್ನೆರಡು ವರ್ಷಗಳಿಂದ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಇಂಜಿನಿಯರ್ ಆಗಿ ದುಡಿಯುತ್ತಿದ್ದಾನೆ. ಅಲ್ಲಾಹನ ಅನುಗ್ರಹದಿಂದ ಒಳ್ಳೆಯ ಹುಡುಗ; ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ 1,20,000 ಡಾಲರ್ ಬೆಲೆಯ ಒಂದು ಮನೆಯನ್ನು ಮಧ್ಯವರ್ತಿಯೊಬ್ಬರು ಅವನಿಗೆ ತೋರಿಸಿದ್ದರು. ತೋರಿಸಿದ್ದು ಫೋನಿನ ಪರದೆಯಲ್ಲಿ. ತಿಂಗಳಿಗೆ 1,200 ಡಾಲರ್ ಬಾಡಿಗೆ. ಉಳಿತಾಯವೆಲ್ಲ ಸೇರಿಸಿದರೂ ಅವನಿಗೆ 18 ಲಕ್ಷ ರೂಪಾಯಿ ಕಡಿಮೆ ಬೀಳುತ್ತಿತ್ತು. ಅಷ್ಟೇ ಹಣ ಅವನ ತಾಯಿಯ ಬಳಿ ಇತ್ತು. ನಮ್ಮ ತಂದೆಯಿಂದ ಮಿರಾಸ್ ಆಗಿ ಆಪಾಳ ಪಾಲಿಗೆ ಬಂದ ತೆಂಗಿನ ತೋಟದ ತುಂಡನ್ನು ಮಾರಿದ ಹಣ ಅದು.

“ಮಾಮೂ, ಇದರಲ್ಲಿ ಬಡ್ಡಿಯ ಮಾತೇ ಇಲ್ಲ. ಬರೀ ಬಾಡಿಗೆ. ನೂರಕ್ಕೆ ಹನ್ನೆರಡು ಬರುತ್ತದೆ” ಎಂದು ಅವನು ಫೋನಿನಲ್ಲಿ ಹೇಳಿದ. ಆಪಾ ನನ್ನ ಬಳಿ ಕೇಳಿದ್ದು ಒಂದೇ ಪ್ರಶ್ನೆ: “ಆ ಮನೆಯ ಕಾಗದದಲ್ಲಿ ನನ್ನ ಹೆಸರು ಎಲ್ಲಿ ಬರುತ್ತದೆ?”

ನಾನು ಮದರಸಾದಲ್ಲಿ ಓದಿದವನು, ಮಕ್ಕಳಿಗೆ ಪಾಠ ಹೇಳುವವನು. ತೆರಿಗೆಯ ಶಾಸ್ತ್ರ ನನ್ನದಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆದು ಕೂರಿಸಿಕೊಂಡು, ಎರಡು ಭಾನುವಾರ ಈ ವಿಷಯವನ್ನು ಬಿಡಿಸಿ ನೋಡಿದೆ. ಇತರ ಕುಟುಂಬಗಳಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಫತ್ವಾ ಅಲ್ಲ; ನಿಮ್ಮ ಸಂದರ್ಭಕ್ಕೆ ಬಲ್ಲ ಮುಫ್ತಿಗಳನ್ನೂ ವಕೀಲರನ್ನೂ ಕೇಳಲೇಬೇಕು.

ಮೊದಲನೆಯ ಪ್ರಶ್ನೆ, ವಿದೇಶಿಯರು ಅಲ್ಲಿ ಮನೆ ಕೊಳ್ಳಬಹುದೇ? ಭಾರತೀಯ ಪ್ರಜೆಗೆ ಅಮೆರಿಕದಲ್ಲಿ ವಾಸದ ಮನೆ ಕೊಳ್ಳಲು ವೀಸಾ ಕೂಡ ಬೇಕಿಲ್ಲ. ಫ್ಲೋರಿಡಾ 2023ರಲ್ಲಿ ಮಾಡಿದ ನಿರ್ಬಂಧದ ಕಾನೂನು ಚೀನಾ, ರಷ್ಯಾ, ಇರಾನ್ ಮೊದಲಾದ ದೇಶಗಳನ್ನು ಕುರಿತದ್ದು. ಅದರಲ್ಲಿ ಭಾರತದ ಹೆಸರಿಲ್ಲ. ಆದರೆ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ವಾಸಿಸುವ ಹಕ್ಕು ಸಿಗುವುದಿಲ್ಲ. ಮನೆಯ ಜೊತೆಗೆ ಗ್ರೀನ್ ಕಾರ್ಡ್ ಬರುತ್ತದೆಂದು ಯಾರಾದರೂ ಹೇಳಿದರೆ ಅವರ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಎರಡನೆಯದು, ಡೆಟ್ರಾಯ್ಟ್‌ನಲ್ಲಿ ಮನೆ ಅಗ್ಗವೇಕೆ? ಮೋಟಾರು ಕಾರುಗಳ ರಾಜಧಾನಿಯಾಗಿದ್ದ ಆ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯಲ್ಲಿ ಉಳಿದವರು ಸುಮಾರು 6 ಲಕ್ಷ 39 ಸಾವಿರ. ಕಾರ್ಖಾನೆಗಳು ಮುಚ್ಚಿದವು, ಜನ ಹೊರಟರು, 2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಮನೆಯ ತೆರಿಗೆ ಕಟ್ಟಲಾಗದ ಸಾವಿರಾರು ಜನರ ಮನೆಗಳು ಹರಾಜಾದವು. ಈಚಿನ ವರ್ಷಗಳಲ್ಲಿ ನಗರವು ಚೇತರಿಸಿಕೊಳ್ಳುತ್ತಿರುವುದೂ ನಿಜ. ಒಂದು ಬೀದಿ ಚೆನ್ನಾಗಿದ್ದರೆ ಪಕ್ಕದ ಬೀದಿಯಲ್ಲಿ ಪಾಳುಮನೆಗಳಿರಬಹುದು. ಫೋನಿನ ಪರದೆಯಲ್ಲಿ ಒಂದು ಬೀದಿ ಮಾತ್ರ ಕಾಣುತ್ತದೆ.

ಮೂರನೆಯದು, ನೂರಕ್ಕೆ ಹನ್ನೆರಡು ಎಂಬ ಮಾತು. ವರ್ಷಕ್ಕೆ 14,400 ಡಾಲರ್ ಬಾಡಿಗೆ. 1,20,000ಕ್ಕೆ ಅದು ಸರಿಯಾಗಿ ಹನ್ನೆರಡು. ಆದರೆ ಅದು ಖರ್ಚು ಕಳೆಯದ ಲೆಕ್ಕ. ನನ್ನ ವಿದ್ಯಾರ್ಥಿ ಹಾಳೆಯ ಮೇಲೆ ಒಂದು ಅಂದಾಜು ಬರೆದ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ, 1,200. ಬಾಡಿಗೆ ವಸೂಲಿ ಮಾಡಿ ಮನೆ ನೋಡಿಕೊಳ್ಳುವ ಸಂಸ್ಥೆಗೆ ನೂರಕ್ಕೆ ಹತ್ತರಂತೆ 1,320. ವಿಮೆ 1,500. ದುರಸ್ತಿ 1,500. ಸ್ಥಳೀಯ ಆಸ್ತಿ ತೆರಿಗೆ 5,000. ಎಲ್ಲ ಕಳೆದರೆ ಉಳಿಯುವುದು 3,880 ಡಾಲರ್, ನೂರಕ್ಕೆ ಮೂರು ಕಾಲಿನಷ್ಟು. ವಿಮೆಯ ಬಗ್ಗೆ ನಮ್ಮ ವಿದ್ವಾಂಸರ ಆಕ್ಷೇಪಗಳಿರುವುದರಿಂದ ಅದನ್ನೂ ಮುಫ್ತಿಗಳಲ್ಲಿ ಕೇಳಬೇಕು.

ಆಸ್ತಿ ತೆರಿಗೆ ಇಷ್ಟೊಂದೇ ಎಂದು ನಾನು ಕೇಳಿದೆ. ಡೆಟ್ರಾಯ್ಟ್ ಇರುವ ಮಿಶಿಗನ್ ರಾಜ್ಯದಲ್ಲಿ ಎರಡು ನಿಯಮಗಳಿವೆ. ಮಾಲೀಕನೇ ವಾಸಿಸುವ ಮನೆಗೆ ಶಾಲಾ ತೆರಿಗೆಯಲ್ಲಿ ಸಿಗುವ ವಿನಾಯಿತಿ ಬಾಡಿಗೆ ಮನೆಗೆ ಸಿಗುವುದಿಲ್ಲ. ಅಲ್ಲದೆ, ಒಬ್ಬನೇ ಮಾಲೀಕನಿರುವವರೆಗೆ ತೆರಿಗೆಯ ಮೌಲ್ಯ ಮಿತಿಯೊಳಗೆ ಏರುತ್ತದೆ. ಮನೆ ಮಾರಾಟವಾದೊಡನೆ ಆ ಮಿತಿ ಕಳಚಿ, ಮೌಲ್ಯವನ್ನು ಇಂದಿನ ಬೆಲೆಗೆ ತಕ್ಕಂತೆ ಹೊಸದಾಗಿ ಕಟ್ಟುತ್ತಾರೆ. ಹಾಗಾಗಿ ಮಾರುವವನು ತೋರಿಸುವ ಹಳೆಯ ತೆರಿಗೆ ರಸೀದಿಯು ಕೊಳ್ಳುವವನ ಮುಂದಿನ ವರ್ಷದ ತೆರಿಗೆಯನ್ನು ಹೇಳುವುದಿಲ್ಲ. ತೆರಿಗೆ ಬಾಕಿ ಉಳಿದು ಮೂರನೆಯ ವರ್ಷಕ್ಕೆ ಬಂದರೆ ಮನೆಯೇ ಕೈತಪ್ಪಬಹುದು.

ನಾಲ್ಕನೆಯದು ಆದಾಯ ತೆರಿಗೆ. ಅಮೆರಿಕದಲ್ಲಿ ವಾಸಿಸದ ವಿದೇಶಿಯ ಬಾಡಿಗೆಯ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ಸಾಮಾನ್ಯ ತೆರಿಗೆ ಶೇಕಡಾ 30. ಅದೂ ಖರ್ಚು ಕಳೆಯದ ಪೂರ್ತಿ ಬಾಡಿಗೆಯ ಮೇಲೆ. ನಮ್ಮ ಅಂದಾಜಿನ 13,200 ಡಾಲರ್ ವಸೂಲಿಗೆ ಅದು 3,960 ಡಾಲರ್. ಉಳಿಯುವ 3,880ಕ್ಕಿಂತ ತೆರಿಗೆಯೇ ಹೆಚ್ಚು! ಇದಕ್ಕೆ ಕಾನೂನಿನಲ್ಲಿಯೇ ಇನ್ನೊಂದು ದಾರಿಯಿದೆ. ತೆರಿಗೆ ಸಂಖ್ಯೆಯನ್ನು ಪಡೆದು, ‘ನನ್ನ ಬಾಡಿಗೆಯನ್ನು ವ್ಯವಹಾರದ ಆದಾಯವೆಂದು ಪರಿಗಣಿಸಿ’ ಎಂದು ಆಯ್ಕೆ ಮಾಡಿ, ಪ್ರತಿವರ್ಷ 1040-ಎನ್‌ಆರ್ ಎಂಬ ನಮೂನೆಯನ್ನು ಸಲ್ಲಿಸಬೇಕು. ಆಗ ಖರ್ಚು ಕಳೆಯಬಹುದು. ಕಟ್ಟಡದ ಬೆಲೆಯನ್ನು 27.5 ವರ್ಷಗಳಿಗೆ ಹಂಚಿ ಸವಕಳಿಯನ್ನೂ ಕಳೆಯಬಹುದು. ಅದೇ ಮನೆಗೆ ಆಗ ಕೇಂದ್ರದ ತೆರಿಗೆ ನೂರು ಡಾಲರನ್ನೂ ಮುಟ್ಟದಿರಬಹುದು. ರಾಜ್ಯದ ಮತ್ತು ನಗರದ ಆದಾಯ ತೆರಿಗೆಗಳು ಬೇರೆ. ಒಂದು ನಮೂನೆ ಸಲ್ಲಿಸಿದವನಿಗೂ ಸಲ್ಲಿಸದವನಿಗೂ ಇರುವ ಅಂತರ ಇಷ್ಟು. ಕೆಲವರು ಒಂದು ಕಂಪನಿಯನ್ನು ನೋಂದಾಯಿಸಿ ಅದರ ಹೆಸರಿನಲ್ಲಿ ಮನೆ ಕೊಳ್ಳುವಂತೆ ಸಲಹೆ ಕೊಡುತ್ತಾರೆ. ಒಬ್ಬನೇ ವಿದೇಶಿ ಮಾಲೀಕನಿರುವ ಅಂಥ ಎಲ್‌ಎಲ್‌ಸಿ ಕಂಪನಿಯು 5472 ಎಂಬ ನಮೂನೆಯನ್ನು ಸಲ್ಲಿಸದಿದ್ದರೆ ದಂಡ 25,000 ಡಾಲರ್.

ಮನೆಯನ್ನು ಮಾರುವಾಗಲೂ ಒಂದು ನಿಯಮವಿದೆ. ಮಾರುವವನು ವಿದೇಶಿಯಾದರೆ, ಕೊಳ್ಳುವವನು ಬೆಲೆಯ ಶೇಕಡಾ 15ನ್ನು ಹಿಡಿದು ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟಬೇಕು. ಕೊಳ್ಳುವವನು ತಾನೇ ವಾಸಿಸಲು ಕೊಂಡು, ಬೆಲೆ 3 ಲಕ್ಷ ಡಾಲರ್ ಮೀರದಿದ್ದರೆ ಇದಕ್ಕೆ ವಿನಾಯಿತಿಯುಂಟು. ಹಿಡಿದ ಹಣದಲ್ಲಿ ನಿಜವಾದ ತೆರಿಗೆ ಕಳೆದು ಉಳಿದದ್ದು ಲೆಕ್ಕ ಸಲ್ಲಿಸಿದ ಮೇಲೆ ಮರಳುತ್ತದೆ; ಅಲ್ಲಿಯವರೆಗೆ ಕಾಯಬೇಕು.

ಇನ್ನು ನಮ್ಮ ದೇಶದ ಕಡೆಯ ನಿಯಮಗಳು. ಅಳಿಯನ ಗಲ್ಫ್ ದುಡಿಮೆಗೆ ಭಾರತದ ಹಣ ರವಾನೆಯ ಮಿತಿ ಅನ್ವಯಿಸದು. ಆದರೆ ಆಪಾ ಇರುವುದು ಅರಸೀಕೆರೆಯಲ್ಲಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಭಾರತದ ನಿವಾಸಿಯು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಆ ಹಣದಿಂದ ಮನೆ ಕೊಳ್ಳುವುದಕ್ಕೂ ಅನುಮತಿಯಿದೆ. 2025ರ ಏಪ್ರಿಲ್‌ನಿಂದ, ಇಂಥ ಹೂಡಿಕೆಗಾಗಿ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇಕಡಾ 20ರಷ್ಟು ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತದೆ. ಆಪಾಳ 18 ಲಕ್ಷಕ್ಕೆ ಅದು 1 ಲಕ್ಷ 60 ಸಾವಿರ. ರಿಟರ್ನ್ ಸಲ್ಲಿಸಿ ಅದನ್ನು ಹಿಂಪಡೆಯಬಹುದು. ಆದರೆ ಹೊರದೇಶದ ಮನೆಯಲ್ಲಿ ಪಾಲಿರುವ ನಿವಾಸಿಯು ಪ್ರತಿವರ್ಷ ಅದನ್ನು ಇಲ್ಲಿನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಜೀವನದಲ್ಲಿ ಒಮ್ಮೆಯೂ ರಿಟರ್ನ್ ಸಲ್ಲಿಸದ ತಾಯಂದಿರ ಹೆಸರನ್ನು ಇದರಲ್ಲಿ ಸೇರಿಸುವ ಮುನ್ನ ಮಕ್ಕಳು ಯೋಚಿಸಬೇಕು.

ಇಷ್ಟು ಲೋಕದ ಲೆಕ್ಕವಾಯಿತು. ಶರೀಅತ್‌ನ ದೃಷ್ಟಿಯಿಂದ ಮೂರು ಮಾತುಗಳನ್ನು ನಾನು ಅಳಿಯನ ಮುಂದಿಟ್ಟೆ.

ಒಂದು, ಸಾಲ. ಕೈಯ ಹಣ ಸಾಲದೆ ಹೋದರೆ ಬ್ಯಾಂಕಿನ ಬಡ್ಡಿ ಸಾಲ ತೆಗೆಯುವ ಸಲಹೆಯೂ ಬಂದಿತ್ತು. ಬಾಡಿಗೆ ಧರ್ಮಸಮ್ಮತವೆಂದು ಹೇಳಿ ಬಡ್ಡಿಯ ಬಾಗಿಲಿನಿಂದ ಒಳಗೆ ಹೋಗುವುದು ಹೇಗೆ? ಅಮೆರಿಕದ ಮುಸ್ಲಿಮರು ಬಡ್ಡಿಯಿಲ್ಲದೆ, ಪಾಲುದಾರಿಕೆಯ ಮೂಲಕ ಮನೆ ಕೊಳ್ಳಲು 1980ರ ದಶಕದಿಂದಲೇ ಸಂಸ್ಥೆಗಳನ್ನು ಕಟ್ಟಿಕೊಂಡಿದ್ದಾರೆ. ಆದರೆ ಹೊರದೇಶದಲ್ಲಿ ಕುಳಿತವನಿಗೆ ಆ ಸೌಲಭ್ಯ ಸಿಗುವುದೇ ಎಂಬುದನ್ನು ಆಯಾ ಸಂಸ್ಥೆಯಿಂದ ಬರಹದಲ್ಲಿಯೇ ಕೇಳಿ ಪಡೆಯಬೇಕು.

ಎರಡು, ಕಾಣದ ವಸ್ತು. ಕುದೂರಿಯ ಕಿತಾಬಿನಲ್ಲಿ ನಾವು ಮದರಸಾದಲ್ಲಿ ಓದಿದ ‘ಖಿಯಾರುರ್ರೂಯಾ’ ಎಂಬ ಅಧ್ಯಾಯವಿದೆ. ನೋಡದೆ ಕೊಂಡವನಿಗೆ, ನೋಡಿದ ಮೇಲೆ ಬೇಡವೆನ್ನುವ ಹಕ್ಕು ಉಂಟೆಂಬುದು ಹನಫಿ ವಿದ್ವಾಂಸರ ನಿಲುವು. ಅಮೆರಿಕದ ಕ್ರಯದ ಕರಾರಿನಲ್ಲಿಯೂ ಇದಕ್ಕೆ ಹತ್ತಿರವಾದ ಷರತ್ತು ಇದೆ. ಸ್ವತಂತ್ರ ಪರೀಕ್ಷಕನು ಮನೆಯನ್ನು ನೋಡಿ ವರದಿ ಕೊಟ್ಟ ಮೇಲೆ, ಗೊತ್ತಾದ ದಿನಗಳೊಳಗೆ ಕೊಳ್ಳುವವನು ಹಿಂದೆ ಸರಿಯಬಹುದು. ಮಧ್ಯವರ್ತಿಯು ‘ಬೇಗ ಮುಗಿಯಲಿ’ ಎಂದು ಈ ಷರತ್ತನ್ನೇ ಬಿಟ್ಟುಕೊಡಲು ಅಳಿಯನಿಗೆ ಹೇಳಿದ್ದರು. ನಮ್ಮೂರಿನ ಕೊಬ್ಬರಿ ಮಾರುಕಟ್ಟೆಗೆ ಬರುವ ರೈತನ ತಾಳ್ಮೆ ನಿಮಗೆ ಗೊತ್ತು. ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು, ಒಳಗಿನ ಗಿಟುಕು ಒಣಗಿ ಕಳಚಿ, ಅಲುಗಾಡಿಸಿದಾಗ ಸದ್ದು ಮಾಡಿದ ಮೇಲೆಯೇ ಅವನು ಅದನ್ನು ಸುಲಿಯುತ್ತಾನೆ. ಒಂದು ಕಾಯಿಗೆ ಕೊಡುವ ಗಮನವನ್ನು ಒಂದು ಕೋಟಿಯ ಮನೆಗೆ ಕೊಡದಿರಬಹುದೇ?

ಮೂರು, ‘ಹಲಾಲ್’ ಎಂಬ ಮಾತಿನ ಬಳಕೆ. ‘ಮೊದಲ ಎರಡು ವರ್ಷ ಮನೆ ಖಾಲಿಯಿದ್ದರೂ ಬಾಡಿಗೆ ಖಚಿತ’ ಎಂದು ಮಧ್ಯವರ್ತಿ ಹೇಳಿದ್ದರು. ಬಾಡಿಗೆದಾರನಿಲ್ಲದ ಮನೆಯಿಂದ ಬರುವ ಹಣ ಬಾಡಿಗೆ ಹೇಗಾದೀತು? ನಷ್ಟದ ಭಾರವಿಲ್ಲದೆ ಖಚಿತ ಲಾಭ ಕೊಡುವೆನೆಂಬ ಮಾತು ಬಂದಲ್ಲಿ ನಾವು ಎಚ್ಚರಗೊಳ್ಳಬೇಕು. 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಸಂಸ್ಥೆಯ ಕಚೇರಿಯ ಮುಂದೆ ನಿಂತಿದ್ದ ಬುರ್ಖಾಧಾರಿ ತಾಯಂದಿರ ಚಿತ್ರಗಳನ್ನು ಯಾರು ಮರೆತಾರು? ಹಲಾಲ್ ಹೂಡಿಕೆ ಎಂಬ ಮಾತನ್ನು ನಂಬಿ ಹಣವಿಟ್ಟ ಹತ್ತಾರು ಸಾವಿರ ಜನರು ಅಂದು ದೂರು ಕೊಟ್ಟರು. ಪ್ರಕರಣ ಸಿಬಿಐವರೆಗೆ ಹೋಯಿತು. ಅಮೆರಿಕದ ಮನೆಯು ಅಂಥದ್ದೆಂದು ನಾನು ಹೇಳುವುದಿಲ್ಲ; ಅಲ್ಲಿ ನೋಂದಾಯಿತ ಕ್ರಯಪತ್ರವಿದೆ, ಕಟ್ಟಡವಿದೆ. ಆದರೆ ದಾಖಲೆಯ ಪ್ರಶ್ನೆಯನ್ನು ಧಾರ್ಮಿಕ ಪದವೊಂದು ಮುಚ್ಚಿಬಿಡಬಾರದು ಎಂಬ ಪಾಠ ಎರಡೂ ಕಡೆ ಒಂದೇ.

ಈಗ ಆಪಾಳ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದೇ.

ಮನೆ ಕೇವಲ ಮಗನ ಹೆಸರಿನಲ್ಲಿ ಇದ್ದರೆ, ತಾಯಿಯ 18 ಲಕ್ಷ ಏನಾಯಿತು? ಕೊಡುಗೆಯೇ, ಸಾಲವೇ, ಪಾಲೇ? ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಮನೆಯ ಬೆಲೆ 1 ಕೋಟಿ 2 ಲಕ್ಷ. ಅದರಲ್ಲಿ ಆಕೆಯದು ಆರನೆಯ ಒಂದಕ್ಕಿಂತ ತುಸು ಹೆಚ್ಚು. ಬರಹವಿಲ್ಲದಿದ್ದರೆ ಅಲ್ಲಿನ ನ್ಯಾಯಾಲಯದ ಕಣ್ಣಿಗೆ ಅದು ಕಾಣುವುದೇ ಇಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಅಲ್ ಬಕರ ಅಧ್ಯಾಯದ 282ನೆಯ ಸೂಕ್ತವು ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ತಾಯಿ-ಮಗನ ನಡುವೆ ಬರಹವೇಕೆ ಎನ್ನುವವರಿಗೆ ಅದರಲ್ಲಿ ಯಾವ ವಿನಾಯಿತಿಯೂ ಕಾಣುವುದಿಲ್ಲ.

ಇನ್ನೂ ಮುಂದೆ ಹೋಗೋಣ. ಮರಣವು ಎಲ್ಲರಿಗೂ ನಿಶ್ಚಿತ. ಅಳಿಯನು ತಾಯಿಗಿಂತ ಮೊದಲು ಅಲ್ಲಾಹನ ಕರೆಗೆ ಓಗೊಟ್ಟರೆ ಏನಾಗುತ್ತದೆ? ಅನ್ನಿಸಾ ಅಧ್ಯಾಯದ ವಿಧಿಯಂತೆ ಅವನ ಆಸ್ತಿಯನ್ನು 72 ಪಾಲು ಮಾಡಿದರೆ ಪತ್ನಿಗೆ 9, ತಾಯಿಗೆ 12, ಮಗನಿಗೆ 34, ಮಗಳಿಗೆ 17. ಭಾರತದಲ್ಲಿ 1937ರ ಶರೀಅತ್ ಅನ್ವಯ ಕಾಯ್ದೆ ಇರುವುದರಿಂದ ನಾವು ಇದನ್ನು ಸಹಜವೆಂದು ಭಾವಿಸಿದ್ದೇವೆ. ಆದರೆ ಸ್ಥಿರಾಸ್ತಿಯ ವಾರಸುದಾರಿಕೆಯು ಆಸ್ತಿ ಇರುವ ನೆಲದ ಕಾನೂನಿನಂತೆ ನಡೆಯುತ್ತದೆ. ಮಿಶಿಗನ್‌ನಲ್ಲಿ, ಉಯಿಲು ಬರೆಯದೆ ತೀರಿಕೊಂಡವನ ಮಕ್ಕಳೆಲ್ಲ ಅದೇ ಪತ್ನಿಯವರಾದರೆ, ಆಸ್ತಿಯ ಮೊದಲ 1,50,000 ಡಾಲರ್ ಪತ್ನಿಗೆ ಸೇರುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ಈ ಮೊತ್ತ ಹೆಚ್ಚುತ್ತಲೂ ಹೋಗುತ್ತದೆ. ಮನೆಯ ಬೆಲೆ 1,20,000. ಅಂದರೆ ಕಾಗದದ ಮೇಲೆ ಇಡೀ ಮನೆ ಸೊಸೆಯದು. ಮಕ್ಕಳಿಗೆ ಇಲ್ಲ, ತೋಟ ಮಾರಿ ಹಣ ಕೊಟ್ಟ ತಾಯಿಗೆ ಏನೂ ಇಲ್ಲ. ಸೊಸೆ ದೇವಭಯವುಳ್ಳವಳಾದರೆ ಹಂಚಿಕೊಟ್ಟಾಳು. ಆದರೆ ಕಣ್ಣೀರಿನ ದಿನಗಳಲ್ಲಿ ಒಬ್ಬಳ ಮೇಲೆ ಅಂಥ ಪರೀಕ್ಷೆಯನ್ನು ಹೊರಿಸುವುದು ಆಕೆಗೂ ಅನ್ಯಾಯ.

ಇದರ ಜೊತೆಗೆ ಮರಣಾನಂತರದ ಆಸ್ತಿ ತೆರಿಗೆ. ಭಾರತವು ಇಂಥ ತೆರಿಗೆಯನ್ನು 1985ರಲ್ಲಿಯೇ ಕೈಬಿಟ್ಟಿತು. ಅಮೆರಿಕದಲ್ಲಿ ಅದು ಇದೆ. ತನ್ನ ಪ್ರಜೆಗಳಿಗೆ ಕೋಟಿಗಟ್ಟಲೆ ಡಾಲರಿನವರೆಗೆ ವಿನಾಯಿತಿ ಕೊಡುವ ಆ ಕಾನೂನು, ಅಲ್ಲಿ ನೆಲೆಸದ ವಿದೇಶಿಗೆ ಕೊಡುವುದು 60,000 ಡಾಲರ್‌ವರೆಗೆ ಮಾತ್ರ. ಈ ತೆರಿಗೆಯ ಕುರಿತು ಭಾರತದೊಂದಿಗೆ ಅಮೆರಿಕದ ಒಪ್ಪಂದವಿಲ್ಲ. 1,20,000 ಡಾಲರಿನ ಮನೆಗೆ, ಖರ್ಚುಗಳನ್ನು ಕಳೆಯುವ ಮುನ್ನ, ತೆರಿಗೆ 16,800 ಡಾಲರ್. ಅಂದರೆ 14 ಲಕ್ಷಕ್ಕೂ ಹೆಚ್ಚು ರೂಪಾಯಿ. ಒಂಬತ್ತು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ಇದ್ದತ್ ಮುಗಿಸಿದ ವಿಧವೆಯೊಬ್ಬಳು ಅರಸೀಕೆರೆಯಲ್ಲಿ ಕುಳಿತು ಡೆಟ್ರಾಯ್ಟ್‌ನ ವಕೀಲರನ್ನು ಹುಡುಕುವ ಚಿತ್ರವನ್ನು ಕಲ್ಪಿಸಿಕೊಳ್ಳಿ.

ದಾರಿಯಿಲ್ಲವೆಂದಲ್ಲ. ಇಬ್ಬರು ಕೂಡಿ ಕೊಳ್ಳುವಾಗ ಅಲ್ಲಿನ ಕ್ರಯಪತ್ರದಲ್ಲಿ ಎರಡು ಬಗೆಯಿವೆ. ಒಂದರಲ್ಲಿ, ಒಬ್ಬರು ತೀರಿಕೊಂಡರೆ ಉಳಿದವರಿಗೆ ಇಡೀ ಮನೆ ಸೇರುತ್ತದೆ. ವಾರಸುದಾರರಿಗೆ ಬಾಗಿಲು ಮುಚ್ಚಿದಂತೆ. ಇನ್ನೊಂದರಲ್ಲಿ, ಪ್ರತಿಯೊಬ್ಬರ ಪಾಲನ್ನು ಬರೆದು, ಅವರವರ ಪಾಲು ಅವರವರ ವಾರಸುದಾರರಿಗೆ ಹೋಗುವಂತೆ ಮಾಡಬಹುದು. ನಮ್ಮ ಮಿರಾಸ್‌ನ ವಿಧಿಗೆ ಹೊಂದುವುದು ಎರಡನೆಯದು. ಆಯಾ ರಾಜ್ಯದ ವಕೀಲರಿಂದ, ಶರೀಅತ್‌ನ ಪಾಲುಗಳಂತೆಯೇ ಹಂಚುವ ಉಯಿಲನ್ನು ಬರೆಸಬಹುದು. ಅಮೆರಿಕದ ಮುಸ್ಲಿಮರು ಅದನ್ನೇ ಮಾಡುತ್ತಾರೆ. ವಸಿಯ್ಯತ್ ಮಾಡಬೇಕಾದ ಆಸ್ತಿಯುಳ್ಳವನು ಅದನ್ನು ಬರೆದಿಡದೆ ರಾತ್ರಿಗಳನ್ನು ಕಳೆಯಬಾರದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ.

ಆ ಮನೆಯೊಳಗೆ ವಾಸಿಸುವವರನ್ನೂ ನಾವು ನೆನೆಯಬೇಕು. ಇಲ್ಲಿ ಮಳೆಗಾಲದಲ್ಲಿ ಸೂರು ಸೋರಿದರೆ ಬಾಡಿಗೆಯವರು ಬಂದು ನಮ್ಮ ಬಾಗಿಲು ತಟ್ಟುತ್ತಾರೆ. ಡೆಟ್ರಾಯ್ಟ್‌ನ ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಯಂತ್ರ ಕೆಟ್ಟರೆ ಆ ಕುಟುಂಬ ಯಾರ ಬಾಗಿಲು ತಟ್ಟಬೇಕು? ಅದೇ ನಗರದ ಮಡಿಲಲ್ಲಿರುವ ಹ್ಯಾಮ್‌ಟ್ರಾಮಿಕ್‌ನಲ್ಲಿ ಯೆಮನ್, ಬಾಂಗ್ಲಾದೇಶಗಳಿಂದ ಹೋದ ಸಾವಿರಾರು ಮುಸ್ಲಿಮ್ ಕುಟುಂಬಗಳಿವೆ. ಬಾಡಿಗೆದಾರರು ಯಾವ ಧರ್ಮದವರೇ ಆಗಲಿ, ಅವರ ಹಕ್ಕಿನ ಬಗ್ಗೆ ಮಾಲೀಕನು ಅಲ್ಲಾಹನ ಮುಂದೆ ಉತ್ತರಿಸಬೇಕು. ನೋಡಿಕೊಳ್ಳುವ ಸಂಸ್ಥೆಗೆ ಹಣ ಕೊಟ್ಟ ಮಾತ್ರಕ್ಕೆ ಆ ಹೊಣೆ ಕಳಚುವುದಿಲ್ಲ.

ಇವೆಲ್ಲವನ್ನೂ ಅಳಿಯನಿಗೆ ಬರೆದು ಕಳುಹಿಸಿದೆ. ಅವನಿಗೆ ಬೇಸರವಾಯಿತು. ಎರಡು ವಾರ ಫೋನಿಲ್ಲ. ಬಳಿಕ ಅವನೇ ಕರೆ ಮಾಡಿ, ಪರೀಕ್ಷಕನ ವರದಿಯ ಷರತ್ತನ್ನು ಕರಾರಿನಲ್ಲಿ ಉಳಿಸಬೇಕೆಂದು ಕೇಳಿದ್ದಕ್ಕೆ ಮಧ್ಯವರ್ತಿಯು ಉತ್ತರ ಕೊಡುವುದನ್ನೇ ನಿಲ್ಲಿಸಿದರೆಂದು ಹೇಳಿದ. ಅಮೆರಿಕದ ಆಸೆಯನ್ನು ಅವನು ಬಿಟ್ಟಿಲ್ಲ. ಸ್ವಂತ ಹಣ, ಅವನ ಇಷ್ಟ. ಆದರೆ ಈ ಬಾರಿ ರಜೆಗೆ ಬಂದಾಗ, ಈಗಾಗಲೇ ಇರುವ ಬ್ಯಾಂಕಿನ ಹಣ, ನಿವೇಶನ ಎಲ್ಲದರ ಪಟ್ಟಿ ಮಾಡಿ ವಸಿಯ್ಯತ್‌ನಾಮೆಯನ್ನು ಬರೆಸಿದ. ಕೊಡಬೇಕಾದ ಸಾಲಗಳನ್ನೂ ಅದರಲ್ಲಿ ನಮೂದಿಸಿದ.

ಆಪಾ ತನ್ನ ಹಣಕ್ಕೆ ತಾನೇ ದಾರಿ ಹುಡುಕಿಕೊಂಡಳು. ನಮ್ಮೂರಿನಲ್ಲಿಯೇ ಒಂದು ಮಳಿಗೆಯ ಅರ್ಧ ಪಾಲನ್ನು, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡಿದ ಮೇಲೆ, ತನ್ನ ಹೆಸರಿಗೆ ಕ್ರಯ ಮಾಡಿಸಿಕೊಂಡಿದ್ದಾಳೆ. ಬಾಡಿಗೆ ನೂರಕ್ಕೆ ಹನ್ನೆರಡೇನೂ ಬರುವುದಿಲ್ಲ. ಬಂದದ್ದರಲ್ಲಿ ಉಳಿದುದಕ್ಕೆ ವರ್ಷಕ್ಕೊಮ್ಮೆ ಝಕಾತ್‌ನ ಲೆಕ್ಕ ಹಾಕಲು ನನ್ನನ್ನು ಕರೆಯುತ್ತಾಳೆ.

ಪ್ರಿಯ ಓದುಗರೇ, ನಿಮ್ಮ ಮಗನೋ ತಮ್ಮನೋ ಅಮೆರಿಕದ ಮನೆಯ ಚಿತ್ರವನ್ನು ಕಳುಹಿಸಿದರೆ, ಬಾಡಿಗೆ ಎಷ್ಟು ಎಂದು ಕೇಳುವ ಮುನ್ನ ಕ್ರಯಪತ್ರದಲ್ಲಿ ಯಾರ ಯಾರ ಹೆಸರು, ಎಷ್ಟೆಷ್ಟು ಪಾಲು, ವಸಿಯ್ಯತ್ ಬರೆದಾಗಿದೆಯೇ ಎಂದು ಕೇಳಿ. ತಾಯಿ, ಸಹೋದರಿಯರು ಇದನ್ನು ಕೇಳಿದರೆ ಅವಿಶ್ವಾಸವೆಂದು ಭಾವಿಸಬೇಡಿ. ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಅವರು ಕೇಳುತ್ತಿದ್ದಾರೆ. ನಮ್ಮ ಸಂಪಾದನೆಯಲ್ಲಿ ಅಲ್ಲಾಹನು ಬರಕತ್ ನೀಡಲಿ, ಹಕ್ಕುದಾರರ ಹಕ್ಕನ್ನು ಬದುಕಿರುವಾಗಲೇ ಸಲ್ಲಿಸುವ ಸೌಭಾಗ್ಯ ಕರುಣಿಸಲಿ. ಆಮೀನ್.